ಕೈಗುಣ ಮತ್ತು ಪರವಾನಗಿ

‘ಅವಳ ಕೈಗುಣ ಒಳ್ಳೆಯದು’ ಎಂದರೆ ನಮ್ಮ ಹಿರಿಯರಿಗೆ ಅಷ್ಟೇ ಸಾಕಾಗಿತ್ತು. ಬಾಣಂತಿಗೆ ಎರೆಯುವವಳನ್ನಾಗಲಿ, ಮದುವೆ ಮನೆಯ ಅಡಿಗೆಯವರನ್ನಾಗಲಿ ‘ಎಲ್ಲಿ, ಲೈಸೆನ್ಸ್ ತೋರಿಸಿ’ ಎಂದು ಕೇಳಿದವರಿಲ್ಲ. ಈಗ ಎಷ್ಟೋ ಕೆಲಸಗಳಿಗೆ ಸರಕಾರ ಕೇಳುತ್ತದೆ. ಕೇಳುವುದು ಸರಿಯೇ? ಯಾವ ಕೆಲಸಕ್ಕೆ ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದರ ಮೇಲೆ ಉತ್ತರ ನಿಂತಿದೆ ಎಂದು ನನಗನ್ನಿಸುತ್ತದೆ.

ಅಮೆರಿಕದ ಡಲ್ಲಾಸ್ ನಗರದಲ್ಲಿ ಐಸಿಸ್ ಬ್ರಾಂಟ್ಲಿ ಎಂಬ ಕಪ್ಪು ಜನಾಂಗದ ಮಹಿಳೆ ಜಡೆ ಹೆಣೆದು ಬದುಕುತ್ತಿದ್ದರು. ಆಫ್ರಿಕಾ ಮೂಲದ ಹೆಂಗಸರಲ್ಲಿ ತಾಯಿಯಿಂದ ಮಗಳಿಗೆ ಬರುವ ವಿದ್ಯೆ ಅದು. 1997ರಲ್ಲಿ, ಪರವಾನಗಿಯಿಲ್ಲದೆ ಜಡೆ ಹೆಣೆದದ್ದಕ್ಕೆ ಪೊಲೀಸರು ಅವರನ್ನು ಬಂಧಿಸಿದರು! ಮುಂದೆ ಅವರು ಆ ವಿದ್ಯೆಯನ್ನು ಕಲಿಸಲು ಹೊರಟಾಗ ಕ್ಷೌರ ಶಾಲೆಯ ನಿಯಮಗಳು ಎದುರಾದವು. 10 ಕ್ಷೌರದ ಕುರ್ಚಿ ಬೇಕು, ಎರಡು ಕುರ್ಚಿಗೊಂದು ಸಿಂಕು ಬೇಕು. ಜಡೆಗೆ ಸಿಂಕೇಕೆ? 2015ರಲ್ಲಿ ನ್ಯಾಯಾಲಯ ಆ ನಿಯಮಗಳನ್ನು ತಳ್ಳಿಹಾಕಿತು. ಅದೇ ವರ್ಷ ಟೆಕ್ಸಾಸ್ ರಾಜ್ಯ ಜಡೆಗೆ ಪರವಾನಗಿಯನ್ನೇ ಕೈಬಿಟ್ಟಿತು.

ಜಡೆ ಸೊಟ್ಟಗಾದರೆ ಕನ್ನಡಿಯೇ ಹೇಳುತ್ತದೆ. ಬಿಚ್ಚಿ ಮತ್ತೆ ಹೆಣೆಯಬಹುದು. ನಮ್ಮ ಬೀದಿಯಲ್ಲಿ ಗಂಡನನ್ನು ಕಳೆದುಕೊಂಡವರೊಬ್ಬರು ರವಿಕೆ ಹೊಲಿದೇ ಇಬ್ಬರು ಮಕ್ಕಳನ್ನು ಓದಿಸಿದರು. ಹೊಲಿಗೆಗೂ ಪರೀಕ್ಷೆ, ಶುಲ್ಕ, ಕಚೇರಿಗೆ ಅಲೆದಾಟ ಎಂದಿದ್ದರೆ ಆ ಮಕ್ಕಳ ಗತಿಯೇನಾಗುತ್ತಿತ್ತು?

ಆದರೆ ಹೆರಿಗೆಯ ಮಾತು ಬೇರೆ. ನಾನು ಹುಟ್ಟಿದ್ದೂ ಸೂಲಗಿತ್ತಿಯ ಕೈಯಲ್ಲೇ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥವರಿಗೆ ಕೈಮುಗಿಯುತ್ತೇನೆ. ಆದರೂ ನನ್ನ ಚಿಕ್ಕಜ್ಜಿಯನ್ನು ಮರೆಯಲಾರೆ. ಹೆತ್ತ ಮೇಲೆ ರಕ್ತ ನಿಲ್ಲದೆ, ಬೆಳಗಾಗುವುದರೊಳಗೆ ಆಕೆ ಹೋಗಿಬಿಟ್ಟರಂತೆ. ಅಂಥ ಹೊತ್ತಿನಲ್ಲಿ ಇಂಜೆಕ್ಷನ್ನು, ರಕ್ತ, ಅದನ್ನು ಕೊಡಬಲ್ಲ ಕಲಿತ ಕೈ ಬೇಕು. ನೋವು ತಿನ್ನುತ್ತಿರುವವಳು ಎದುರಿಗಿದ್ದವರ ವಿದ್ಯೆಯನ್ನು ಪರೀಕ್ಷಿಸಿಯಾಳೆ? ಅವಳ ಪರವಾಗಿ ಮೊದಲೇ ಯಾರಾದರೂ ಪರೀಕ್ಷಿಸಿರಬೇಕು. ಪರವಾನಗಿ ಇರಬೇಕಾದದ್ದು ಅದಕ್ಕೇ.

ಹಾಗಾಗಿ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕೆಂದು ನನ್ನ ಎಣಿಕೆ. ಕೆಲಸ ಕೆಟ್ಟರೆ ಬಂದವರಿಗೆ ತಾವಾಗಿಯೇ ತಿಳಿಯುತ್ತದೆಯೇ? ಕೆಟ್ಟದ್ದನ್ನು ಸರಿಪಡಿಸಬಹುದೇ? ಎರಡಕ್ಕೂ ಹೌದೆಂದರೆ ಸರಕಾರ ದೂರ ನಿಲ್ಲಲಿ. ಎರಡಕ್ಕೂ ಇಲ್ಲವೆಂದರೆ ಪರವಾನಗಿ ಕೇಳಲಿ, ಕಟ್ಟುನಿಟ್ಟಾಗಿಯೇ ಕೇಳಲಿ.

ಕೇಳಿದ ಮೇಲೆ ಸರಕಾರಕ್ಕೂ ಒಂದು ಋಣ ಉಳಿಯುತ್ತದೆ. ಕಲಿಯುವ ದಾರಿ ಬಡವರ ಕೈಗೆಟುಕುವಂತಿರಬೇಕು. ಸೂಲಗಿತ್ತಿಯರ ಮನೆಯ ಎಷ್ಟು ಹೆಣ್ಣುಮಕ್ಕಳು ಇಂದು ನರ್ಸಿಂಗ್ ಓದುತ್ತಿದ್ದಾರೆ? ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ. ಅಜ್ಜಿಯ ಕೈಗುಣವಿರುವ ಹುಡುಗಿಗೆ ಶುಲ್ಕ ಕಟ್ಟಲಾಗದೆ ಆ ಬಾಗಿಲು ಮುಚ್ಚಿದ್ದರೆ, ನಷ್ಟ ಅವಳೊಬ್ಬಳದೇ ಅಲ್ಲ.