ಮಗುವಿನ ಪರವಾಗಿ ಹಾಕಿದ ಸಹಿ

ಇನ್ನೊಬ್ಬರ ಪರವಾಗಿ ಕೈಗೊಳ್ಳುವ ನಿರ್ಧಾರಗಳಲ್ಲಿ, ಮಗುವಿನ ಚಿಕಿತ್ಸೆಗೆ ಹೆತ್ತವರು ನೀಡುವ ಒಪ್ಪಿಗೆಯಷ್ಟು ಭಾರವಾದುದು ಬೇರೊಂದಿಲ್ಲ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬರುವ ಕಾರ್ಮಿಕನಾಗಲಿ, ಕೆಂಗೇರಿಯಿಂದ ಕಿದ್ವಾಯಿ ಸಂಸ್ಥೆಗೆ ಹೋಗುವ ತಾಯಿಯಾಗಲಿ, ಮಗುವಿನ ಕುತ್ತಿಗೆಯ ಗಡ್ಡೆ ಹಾಜ್‌ಕಿನ್ ಲಿಂಫೋಮಾ ಎಂದು ತಿಳಿದ ದಿನ ಕೇಳುವುದು ಒಂದೇ ಪ್ರಶ್ನೆ: 'ಮಗು ಉಳಿಯುತ್ತದೆಯೇ?'

ದುಗ್ಧಗ್ರಂಥಿಗಳ ಈ ಕ್ಯಾನ್ಸರಿಗೆ ಸಕಾಲದಲ್ಲಿ ಪೂರ್ಣ ಚಿಕಿತ್ಸೆ ದೊರೆತರೆ ಬಹುಪಾಲು ಮಕ್ಕಳು ಗುಣಹೊಂದುತ್ತಾರೆ. ಥಾಮಸ್ ಹಾಜ್‌ಕಿನ್ 1832ರಲ್ಲಿ ವಿವರಿಸಿದ ಈ ರೋಗ ಶತಮಾನಕ್ಕೂ ಮಿಗಿಲಾಗಿ ಮಾರಕವಾಗಿಯೇ ಉಳಿದಿತ್ತು. ಮುಂದೆ ಸುಮಾರು 40 ಗ್ರೇ ಪ್ರಮಾಣದ ವಿಕಿರಣ ರೋಗಿಗಳನ್ನು ಉಳಿಸತೊಡಗಿತಾದರೂ ಬೆಳೆಯುವ ಮಕ್ಕಳ ಮೂಳೆಗಳನ್ನು ಕುಂಠಿತಗೊಳಿಸಿತು. 1960ರ ದಶಕದಲ್ಲಿ ನಾಲ್ಕು ಔಷಧಿಗಳ ಕಿಮೊಥೆರಪಿ ಬಂದಿತು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಿನ ವೈದ್ಯರು ಮಕ್ಕಳಿಗೆ ಎರಡನ್ನೂ ಕೂಡಿಸಿ, ವಿಕಿರಣವನ್ನು 15ರಿಂದ 25 ಗ್ರೇಗೆ ಇಳಿಸಿದರು. ಹೆಚ್ಚು ಪ್ರಹಾರ ಮಾಡುವುದು ಈ ಸಂಯೋಗದ ಉದ್ದೇಶವಾಗಿರಲಿಲ್ಲ. ಮಗುವಿನ ಮೇಲಿನ ಹೊರೆಯನ್ನು ಹಗುರಗೊಳಿಸುವುದಾಗಿತ್ತು.

ಹಗುರವಾದರೂ ಹೊರೆ ಹೊರೆಯೇ. ಎದೆಗೆ ವಿಕಿರಣ ಪಡೆದ ಬಾಲಕಿಗೆ ಮುಂದೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚು. ಹೃದಯ, ಥೈರಾಯ್ಡ್ ಗ್ರಂಥಿಗಳೂ ಬಾಧಿತವಾಗಬಹುದು. ಕೆಲವು ಔಷಧಿಗಳು ಸಂತಾನಶಕ್ತಿಯನ್ನು ಕುಂದಿಸುತ್ತವೆ. ಮಧ್ಯಮ ಹಂತದ ರೋಗವಿದ್ದು ಔಷಧಿಗೆ ಬೇಗನೆ, ಪೂರ್ಣವಾಗಿ ಸ್ಪಂದಿಸಿದ ಮಕ್ಕಳಲ್ಲಿ ವಿಕಿರಣವನ್ನು ಕೈಬಿಟ್ಟರೂ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಆದರೆ ಎಲ್ಲ ಮಕ್ಕಳಿಗೂ ಈ ವಿನಾಯಿತಿ ಸಲ್ಲದು.

ಹಾಗಾದರೆ ಹನ್ನೆರಡರ ಮಗುವನ್ನು ಉಳಿಸಲು ನಲವತ್ತರ ವ್ಯಕ್ತಿಯ ಮೇಲೆ, ಆತನ ಒಪ್ಪಿಗೆಯಿಲ್ಲದೆ, ಸಾಲ ಹೊರಿಸುವುದು ನ್ಯಾಯವೇ? ಮಗು ಬದುಕಿದರಷ್ಟೇ ಆ ನಲವತ್ತು ಬರುತ್ತದೆ, ಆದುದರಿಂದ ನ್ಯಾಯವೇ. ಗಡ್ಡೆ ಕರಗಿತೆಂದೋ ಮುಂದಿನ ತೊಂದರೆಗೆ ಅಂಜಿಯೋ ಚಿಕಿತ್ಸೆಯನ್ನು ನಡುವೆ ನಿಲ್ಲಿಸುವುದು ಮಗುವಿಗೆ ಬಗೆಯುವ ದ್ರೋಹ. ಆದರೆ ಅನಿವಾರ್ಯವಾದ ಸಾಲವೂ ಸಾಲವೇ. ಅದನ್ನು ತೀರಿಸುವ ಹೊಣೆ ಸಹಿ ಹಾಕಿದವರದು.

ತೀರಿಸುವ ಬಗೆ ಹೇಗೆ? ಇದಕ್ಕಿಂತ ಕಡಿಮೆ ಸಾಕೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳುವುದು. ಯಾವ ಔಷಧಿ, ಎಷ್ಟು ಪ್ರಮಾಣ, ದೇಹದ ಯಾವ ಭಾಗಕ್ಕೆ ವಿಕಿರಣ ಎಂಬ ದಾಖಲೆಗಳನ್ನು ಜೋಪಾನವಾಗಿಡುವುದು. ಎಲ್ಲಕ್ಕಿಂತ ಮಿಗಿಲಾಗಿ, ವಯಸ್ಸಿಗೆ ತಕ್ಕಂತೆ ಮಗುವಿಗೆ ಸತ್ಯ ತಿಳಿಸುವುದು. ನಮ್ಮ ಮನೆಗಳು ಸೋಲುವುದು ಇಲ್ಲಿಯೇ. ಮಗಳ ಮದುವೆಗೆ ತೊಡಕಾದೀತೆಂದು ರೋಗದ ಹೆಸರನ್ನೇ ಹೂತುಬಿಡುತ್ತೇವೆ, ಕಾಗದಗಳನ್ನು ಸುಟ್ಟುಬಿಡುತ್ತೇವೆ. ಅಂಥವಳು ಇಪ್ಪತ್ತೈದರ ಸುಮಾರಿಗೇ ಸ್ತನ ತಪಾಸಣೆ ಆರಂಭಿಸಬೇಕೆಂಬುದು ವೈದ್ಯರ ಸಲಹೆ. ತನಗೇನಾಗಿತ್ತೆಂದೇ ಅರಿಯದ ಹೆಣ್ಣುಮಗಳು ತಪಾಸಣೆಗೆ ಹೋಗುವುದಾದರೂ ಹೇಗೆ? ಮಮತೆಯಿಂದಲೇ ಹುಟ್ಟಿದ ಮೌನ ಆಕೆಯ ರಕ್ಷಣೆಯನ್ನು ಕಸಿದುಕೊಳ್ಳುತ್ತದೆ.

ಬಚ್ಚಿಟ್ಟ ಆ ಕಡತ ಹೆತ್ತವರದಲ್ಲ, ಮಗುವಿನದು. ಅದನ್ನು ಅವರ ಕೈಗಿತ್ತು, ನಡೆದುದನ್ನು ನಡೆದಂತೆ ಹೇಳಿದ ದಿನವೇ ಅಂದು ಹಾಕಿದ ಸಹಿ ಪೂರ್ಣವಾಗುತ್ತದೆ.