ನೆರಳಿನ ಸಾಕ್ಷಿ

ಒಡಲಿಲ್ಲದ ವಸ್ತುವಿಗೆ ನೆರಳನ್ನು ಕಲ್ಪಿಸುವದು ಅಸತ್ಯವಾಗುವದೋ, ಅಲ್ಲ ಬರಿಯ ಅಲಂಕಾರವಾಗುವದೋ ಎಂಬ ಪ್ರಶ್ನೆಯು ಕೆಲವು ತಿಂಗಳುಗಳಿಂದ ನನ್ನ ಮನಸ್ಸನ್ನು ಹಿಡಿದುಕೊಂಡಿರುವದು. ವಿಷಯವು ಕ್ಷುಲ್ಲಕವೆಂದು ವಾಚಕರು ಮೊದಲಿಗೇ ಹುಬ್ಬು ಗಂಟಿಕ್ಕಬಾರದಾಗಿ ಬೇಡುವೆನು. ನನಗೂ ಅದು ಹಾಗೆಯೇ ತೋರಿತ್ತು.

ಮಾನವಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಗಣಕಯಂತ್ರವನ್ನಿಟ್ಟುಕೊಂಡು ಆಮಂತ್ರಣಪತ್ರಿಕೆಗಳ ಅಂಗಡಿಯನ್ನು ನಡೆಯಿಸುವನು. ನಮ್ಮ ವಾಚನಾಲಯದ ಪತ್ರಿಕೆಗೆ ದೀಪದ ಚಿಹ್ನೆಯೊಂದು ಬೇಕಾಗಿ ಅವನಲ್ಲಿಗೆ ಹೋದೆನು. ಅವನು ಕ್ಷಣಮಾತ್ರದಲ್ಲಿ ಪರದೆಯ ಮೇಲೆ ಹಣತೆಯೊಂದನ್ನು ಬರೆದನು. ಅದು ನೆಲಕ್ಕೆ ಅಂಟಿಸಿದ ಕಾಗದದ ಚೂರಿನಂತೆ ಚಪ್ಪಟೆಯಾಗಿದ್ದಿತು. ಬಳಿಕ ಏನನ್ನೋ ಒತ್ತಿದನು. ಹಣತೆಯು ಕಾಗದದಿಂದ ಬೆರಳಗಲ ಮೇಲಕ್ಕೆದ್ದು ನಿಂತಿತು! ಅದರ ಕೆಳಬಲಕ್ಕೆ ಮೆತ್ತನೆಯ ನೆರಳೊಂದು ಬಿದ್ದಿದ್ದಿತು.

ಇದರ ರಹಸ್ಯವನ್ನು ಕೇಳಲಾಗಿ ಅವನು ವಿವರಿಸಿದನು. ಚಿತ್ರದ ಆಕಾರದ್ದೇ ಇನ್ನೊಂದು ಪ್ರತಿಯನ್ನು ಮಾಡಿ, ಅದಕ್ಕೆ ಕಪ್ಪು ತುಂಬಿ, ಮೂಲದ ಕೆಳಗಿನ ಪದರದಲ್ಲಿಟ್ಟು, ಬೆಳಕು ಬರುವ ಕೋನವನ್ನೂ ನೆರಳು ಸರಿಯಬೇಕಾದ ದೂರವನ್ನೂ ಗೊತ್ತುಪಡಿಸಿ, ಅಂಚುಗಳನ್ನು ಮಸುಕುಗೊಳಿಸಿ, ಕಪ್ಪನ್ನು ಅರೆಪಾರದರ್ಶಕವಾಗಿಸುವದು. ಮೊದಲು ಇದನ್ನೆಲ್ಲ ಕೈಯಿಂದಲೇ ಮಾಡಬೇಕಾಗಿದ್ದಿತಂತೆ. 1998ರಲ್ಲಿ ಬಂದ ಫೋಟೋಶಾಪಿನ ಐದನೆಯ ಆವೃತ್ತಿಯಿಂದ ಒಂದೇ ಆಜ್ಞೆಗೆ ಇದೆಲ್ಲವೂ ನಡೆಯುವದು. ಕತ್ತಲೆಯ ಗಾಢತೆಯನ್ನು ಶೇಕಡಾ ಲೆಕ್ಕದಿಂದ ಅಳೆದು ಕೊಡುವ ಕಾಲ!

ಆದರೆ ಅವನು ಹಣತೆಯ ಕುಡಿಗೂ ನೆರಳನ್ನು ಕೊಟ್ಟಿದ್ದನು. “ಉರಿಗೆ ನೆರಳುಂಟೇನಪ್ಪಾ?” ಎಂದೆನು. “ದೀಪದ ಬುಡಕ್ಕ ಕತ್ತಲಿ ಅಂತ ನೀವ ಕಲಿಸೀರಲ್ರಿ ಸರ್,” ಎಂದು ನಕ್ಕನು. ಗಾದೆಯು ಬುಡದ ಮಾತನ್ನು ಹೇಳುವದೇ ಹೊರತು ಕುಡಿಯದನ್ನಲ್ಲ ಎಂದು ನಾನು ವಾದಿಸಿ, ಕುಡಿಯ ನೆರಳನ್ನು ತೆಗೆಯಿಸಿದೆನು.

ಮನೆಗೆ ಬರುವಾಗ ಬಸ್ಸಿನಲ್ಲಿ ಪಾಠಶಾಲೆಯ ದಿನಗಳು ನೆನಪಾದವು. ಕತ್ತಲೆಯು ದ್ರವ್ಯವೋ ಅಭಾವವೋ ಎಂಬ ವಾದದಲ್ಲಿ ನಾವು ಬಾಲಕರು ಗಂಟಲು ಹರಿದುಕೊಂಡದ್ದುಂಟು. ಭಾಟ್ಟ ಮೀಮಾಂಸಕರು ತಮಸ್ಸು ದ್ರವ್ಯವೇ ಎನ್ನುವರು. ಏಕೆಂದರೆ ಅದಕ್ಕೆ ನೀಲರೂಪವುಂಟು, ಚಲನೆಯುಂಟು. ನಾವು ನಡೆದರೆ ನಮ್ಮ ನೆರಳೂ ನಡೆಯುವದು. ನೈಯಾಯಿಕರು ಇದನ್ನು ಒಪ್ಪರು. ಪ್ರಕಾಶದ ಅಭಾವವೇ ತಮಸ್ಸು. ಅದರ ನೀಲಿಮೆಯೂ ನಡಿಗೆಯೂ ಭ್ರಾಂತಿ. ನಡೆಯುವವನು ನೀನು, ಬೆಳಕಿಗೆ ಅಡ್ಡವಾಗುವ ಠಾವು ಬದಲಾಗುವದಷ್ಟೆ ಎನ್ನುವರು. ಅನ್ನಂಭಟ್ಟನು ಒಂಬತ್ತು ದ್ರವ್ಯಗಳನ್ನು ಎಣಿಸಿ, ತನ್ನ ದೀಪಿಕೆಯಲ್ಲಿ ಈ ಹತ್ತನೆಯದರ ಹಕ್ಕನ್ನು ತಳ್ಳಿಹಾಕಿರುವನು. ನಾನು ಯಾವಾಗಲೂ ನೈಯಾಯಿಕರ ಕಡೆಯವನು. ಆದರೆ ಮಾನವಿಯ ಆ ಅಂಗಡಿಯಲ್ಲಿ ನೆರಳಿಗೆ ತನ್ನದೇ ಪದರವಿರುವದು. ಅದನ್ನು ಎತ್ತಿಡಬಹುದು, ಅಳಿಸಬಹುದು, ಮೂಲವನ್ನು ಅಳಿಸಿ ಅದೊಂದನ್ನೇ ಉಳಿಸಲೂಬಹುದು. ಪರದೆಯ ಮೇಲಾದರೆ ಕಪ್ಪೆಂಬುದು ಅಲ್ಲಿಯ ಬೆಳಕು ಕಡಿಮೆಯಾದದ್ದೇ. ನೈಯಾಯಿಕರ ಪಕ್ಷವು ಗೆದ್ದಿತು. ಅದೇ ನೆರಳು ಕಾಗದದ ಮೇಲೆ ಅಚ್ಚಾದೊಡನೆ ಮಸಿಯೆಂಬ ಅಪ್ಪಟ ದ್ರವ್ಯವಾಗುವದು. ಆಗ ಕುಮಾರಿಲಭಟ್ಟನ ಶಿಷ್ಯರು ನಗುವರು.

ಇರಲಿ. ನೆರಳಿಗೆ ಇಷ್ಟು ಪ್ರಭಾವವೇಕೆ? ಕಪ್ಪು ಕಲೆಯೊಂದು ಚಪ್ಪಟೆಯಾದುದನ್ನು ಎತ್ತಿ ನಿಲ್ಲಿಸುವದೆಂತು? ನಮ್ಮ ಕಣ್ಣು ಹುಟ್ಟಿದಂದಿನಿಂದ ಬೆಳಕನ್ನು ಮೇಲಿನಿಂದಲೇ ಬರುವದೆಂದು ನಂಬಿರುವದು. ಕೆಳಗೆ ಕಪ್ಪು ಕಂಡರೆ ಮೇಲೆ ವಸ್ತುವಿರಲೇಬೇಕೆಂದು ಕೇಳದೆಯೇ ಅನುಮಾನಿಸುವದು. ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ ನೆರಳಿನಿಂದ ಒಡಲನ್ನು ಊಹಿಸುವದು. ನಳೋಪಾಖ್ಯಾನದಲ್ಲಿ ದಮಯಂತಿಯ ಮುಂದೆ ನಳನ ರೂಪವನ್ನೇ ತಾಳಿದ ನಾಲ್ವರು ದೇವತೆಗಳು ನಿಂತಾಗ ಅವಳಿಗೆ ಮನುಷ್ಯನನ್ನು ತೋರಿಸಿಕೊಟ್ಟ ಗುರುತುಗಳಲ್ಲಿ ನೆರಳೂ ಒಂದು. ದೇವತೆಗಳ ಕಾಲು ನೆಲವನ್ನು ಮುಟ್ಟಿರಲಿಲ್ಲ, ಅವರಿಗೆ ನೆರಳಿರಲಿಲ್ಲ. ನಳನಿಗೆ ಬೆವರೂ ಇದ್ದಿತು, ಧೂಳೂ ಇದ್ದಿತು, ನೆರಳೂ ಇದ್ದಿತು. ಮರ್ತ್ಯನೆಂಬುದಕ್ಕೆ ಅದೇ ಸಾಕ್ಷಿ.

ನಮ್ಮ ಜಿಲ್ಲೆಯಲ್ಲಿಯಂತೂ ಇತಿಹಾಸವನ್ನೇ ನೆರಳು ಓದಿಸಿರುವದು. ಮಸ್ಕಿಯ ಬಂಡೆಯ ಮೇಲಣ ಅಶೋಕನ ಶಾಸನವು 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನ ಕಣ್ಣಿಗೆ ಬಿದ್ದಿತು. ಅಶೋಕನೆಂಬ ಹೆಸರೇ ಅಲ್ಲಿ ಕೊರೆಯಲ್ಪಟ್ಟಿದ್ದುದರಿಂದ ದೇವಾನಾಂಪ್ರಿಯನು ಯಾರೆಂಬುದು ಸಿದ್ಧವಾಯಿತು. ಸವೆದ ಬಂಡೆಯನ್ನು ನಡುಹಗಲಿನಲ್ಲಿ ನೋಡಿದರೆ ಕಲ್ಲೆಲ್ಲ ಒಂದೇ ಬಣ್ಣ. ಬಿಸಿಲು ಓರೆಯಾದಾಗಲೇ ಕೊರೆತದೊಳಗೆ ನೆರಳು ತುಂಬಿ ಅಕ್ಷರಗಳು ಮೂಡುವವು. ರಾಯಚೂರ ಕೋಟೆಯಲ್ಲಿ 1294ರ ಶಾಸನವನ್ನು ಹೊತ್ತ, ನಲವತ್ತು ಅಡಿಗೂ ಉದ್ದವಾದ ಕಲ್ಲುಂಟಷ್ಟೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲಿ ಕೆತ್ತಿರುವರು. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಹೊತ್ತನ್ನು ನೋಡಿಯೇ ಹೋಗುತ್ತಿದ್ದೆನು. ಅಲ್ಲಿಯ ನೆರಳು ನಿಜವಾದ ಕೊರೆತದ ಸಾಕ್ಷಿ. ಚಿಹ್ನೆಯ ನೆರಳು ಯಾವುದರ ಸಾಕ್ಷಿ?

ಯಾವುದರದೂ ಅಲ್ಲ; ಆದರೂ ಅದು ಸುಳ್ಳಲ್ಲವೆಂದು ನನ್ನ ಅಭಿಪ್ರಾಯ. ಆಲಂಕಾರಿಕರು ಆಹಾರ್ಯಜ್ಞಾನವೆಂಬುದನ್ನು ಹೇಳುವರು. ಮುಖವು ಚಂದ್ರನಲ್ಲವೆಂದು ಚೆನ್ನಾಗಿ ತಿಳಿದೂ ಬೇಕೆಂದೇ ಚಂದ್ರನೆಂದು ಭಾವಿಸುವದು ಆಹಾರ್ಯ. ಹಗ್ಗವನ್ನು ತಿಳಿಯದೆ ಹಾವೆಂದು ಹೆದರುವದು ಭ್ರಾಂತಿ. ಪರದೆಯ ಮೇಲಣ ಗುಂಡಿಯು ಗುಂಡಿಯಲ್ಲವೆಂದು ಒತ್ತುವವನಿಗೂ ಗೊತ್ತು, ಒತ್ತಿಸುವವನಿಗೂ ಗೊತ್ತು. ನೆರಳು ಅಲ್ಲಿ ‘ಇದನ್ನು ಒತ್ತಬಹುದು’ ಎಂಬ ಸಂಕೇತಮಾತ್ರ. 2013ರಲ್ಲಿ ಆಪಲ್ ಕಂಪನಿಯವರು ತಮ್ಮ ದೂರವಾಣಿಯ ಚಿಹ್ನೆಗಳಿಂದ ಈ ಸೋಗನ್ನೆಲ್ಲ ಕಿತ್ತು ಚಪ್ಪಟೆಯಾಗಿಸಿದರು. ಮರುವರುಷವೇ ಗೂಗಲ್‌ನವರು ಯಾವ ಹಾಳೆ ಯಾವುದರ ಮೇಲಿರುವದೆಂದು ತಿಳಿಯಲು ನೆರಳೇ ಬೇಕೆಂದು ನಿಯಮ ಮಾಡಿದರು. ಇದು ರುಚಿಯ ಜಗಳ, ಧರ್ಮದ ಜಗಳವಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ.

ದೇವದುರ್ಗದಲ್ಲಿ ನನ್ನ ಅಣ್ಣನ ಮೊಮ್ಮಗನ ಮದುವೆಯು ಮೇ ತಿಂಗಳ ಮೊದಲ ವಾರದಲ್ಲಿ ಜರುಗಿತು. ಅಣ್ಣನು ತೀರಿಕೊಂಡು ಏಳು ವರುಷಗಳಾದವು. ಮನೆಯವರೆಲ್ಲ ಅಂಗಳದಲ್ಲಿ ನಿಂತು ತೆಗೆಯಿಸಿಕೊಂಡ ಚಿತ್ರದಲ್ಲಿ ಅಜ್ಜನೂ ಇದ್ದಿದ್ದರೆ ಎಂದು ಮಕ್ಕಳು ಅಂದರು. ನಾನೇ ಮುಂದಾಗಿ ಆ ಚಿತ್ರವನ್ನೂ ಅಣ್ಣನ ಹಳೆಯದೊಂದು ಚಿತ್ರವನ್ನೂ ಮಾನವಿಗೆ ಒಯ್ದೆನು. ಶಿಷ್ಯನು ಅಣ್ಣನ ಆಕೃತಿಯನ್ನು ಕತ್ತರಿಸಿ ಅತ್ತಿಗೆಯವರ ಮಗ್ಗುಲಿಗೆ ನಿಲ್ಲಿಸಿದನು. ಏನೋ ಸರಿಯಿರಲಿಲ್ಲ. “ನೆಳ್ಳು ಹಾಕಬೇಕ್ರಿ ಸರ್, ಇಲ್ಲಂದ್ರ ಗಾಳ್ಯಾಗ ತೇಲಿದ್ಹಂಗ ಕಾಣ್ತದ,” ಎಂದನು. ಹಾಕು ಎಂದೆನು. ನೆರಳು ಬಿದ್ದೊಡನೆ ಅಣ್ಣನ ಕಾಲು ನೆಲವನ್ನು ಮುಟ್ಟಿತು. ನನ್ನ ಕಣ್ಣು ಒದ್ದೆಯಾದದ್ದನ್ನು ಒಪ್ಪಿಕೊಳ್ಳುವೆನು.

ಅತ್ತಿಗೆಯವರಿಗೆ ಎಂಬತ್ತು ದಾಟಿರುವದು. ನೆನಪು ಒಂದು ದಿನ ಇದ್ದಂತೆ ಇನ್ನೊಂದು ದಿನವಿಲ್ಲ. ಚಿತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, “ಇವರು ಯಾವಾಗ ಬಂದಿದ್ರಪ್ಪಾ? ನನಗ್ಯಾಕ ಯಾರೂ ಹೇಳಲಿಲ್ಲ?” ಎಂದರು. ನಾನು ಉತ್ತರ ಕೊಡಲಾರದೆ ಹೊರಗೆ ಬಂದೆನು.

ಅದೇ ನೆರಳು, ಅದೇ ಆಜ್ಞೆ, ಅದೇ ಹುಡುಗ. ಹಣತೆಯಲ್ಲಿ ಆಹಾರ್ಯವಾದುದು ಇಲ್ಲಿ ಭ್ರಾಂತಿಯಾಯಿತು. ಹಾಗಾದರೆ ದೋಷವು ನೆರಳಿನಲ್ಲಿಲ್ಲ; ಕಲ್ಪಿತವೆಂಬ ತಿಳಿವಳಿಕೆಯು ಇಬ್ಬರಲ್ಲಿಯೂ ಇರುವದೋ ಇಲ್ಲವೋ ಎಂಬಲ್ಲಿರುವದು. ನನ್ನ ಮನಸ್ಸು ಶುದ್ಧವಿತ್ತೆಂಬ ಸಮಾಧಾನವು ಸಾಲದು. ನೋಡುವವರು ಯಾರೆಂದು ವಿಚಾರಿಸದೆ ಸಾಕ್ಷಿಯನ್ನು ನಿರ್ಮಿಸಿದವನು ನಾನೇ.

ಆ ರಾತ್ರಿ ಚಿತ್ರವನ್ನು ಮತ್ತೆ ನೋಡಿದೆನು. ನಮ್ಮ ಸೀಮೆಯಲ್ಲಿ ಸೂರ್ಯನು ವರುಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಯ ಮೇಲೆ ಬರುವನು. ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟಿನ ಮೊದಲ ಹತ್ತು ದಿನಗಳಲ್ಲೊಮ್ಮೆ. ಮೇ ತಿಂಗಳಲ್ಲಿ ಮೊದಲು ಮಾನವಿಗೆ, ಆಮೇಲೆ ರಾಯಚೂರಿಗೆ, ಅದಾದ ಮೇಲೆ ದೇವದುರ್ಗಕ್ಕೆ. ಆ ನಡುಹಗಲು ನೆಟ್ಟ ಕೋಲಿಗೂ ನೆರಳಿಲ್ಲ. ಮದುವೆಯ ಚಿತ್ರವನ್ನು ತೆಗೆದದ್ದು ಅಂತಹ ನಡುಹಗಲಿನಲ್ಲಿಯೇ. ಎಲ್ಲರ ನೆರಳೂ ಅವರವರ ಕಾಲಡಿಯಲ್ಲಿಯೇ ಮುದುಡಿದ್ದಿತು. ಅಣ್ಣನ ನೆರಳೊಂದೇ ಬಲಕ್ಕೆ ಚಾಚಿ ಬಿದ್ದಿದ್ದಿತು. ಪಾಟೀಸವಾಲಿನಲ್ಲಿ ಸುಳ್ಳುಸಾಕ್ಷಿಯು ಸಿಕ್ಕಿಬಿದ್ದಂತೆ ಅದು ನನ್ನನ್ನು ನೋಡುತ್ತಿದ್ದಿತು.

ಮರುದಿನ ಅತ್ತಿಗೆಯವರ ಮನಸ್ಸು ತಿಳಿಯಾಗಿದ್ದುದನ್ನು ನೋಡಿ ಎಲ್ಲವನ್ನೂ ಹೇಳಿದೆನು. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹಂಗಾರ ಆ ನೆಳ್ಳು ಯಾರದು?” ಎಂದು ಕೇಳಿದರು.

ಈ ಪ್ರಶ್ನೆಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಮಾನವಿಯ ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ಬಿಂಬಪ್ರತಿಬಿಂಬಗಳನ್ನು ವಿಸ್ತರಿಸಿರುವರು. ಆ ಸಿದ್ಧಾಂತದಲ್ಲಿ ಪ್ರತಿಬಿಂಬಕ್ಕೆ ಎರಡು ಲಕ್ಷಣಗಳು: ಬಿಂಬದ ಹೋಲಿಕೆಯಿರಬೇಕು, ಬಿಂಬದ ಅಧೀನದಲ್ಲಿರಬೇಕು. ಆ ನೆರಳಿನಲ್ಲಿ ಅಣ್ಣನ ಹೋಲಿಕೆಯಿದ್ದಿತು. ಅವನು ಎಂದೋ ನಿಂತ ಭಂಗಿಯ ಅಂಚೇ ಅದು. ಆದರೆ ಅದು ಅವನ ಅಧೀನದಲ್ಲಿರಲಿಲ್ಲ. ಮಾನವಿಯ ಅಂಗಡಿಯವನ ಅಧೀನದಲ್ಲಿದ್ದಿತು, ಅವನ ಮೂಲಕ ನನ್ನ ಆಸೆಯ ಅಧೀನದಲ್ಲಿದ್ದಿತು. ನನ್ನದೇ ನೆರಳೆಂದು ಹೇಳಬೇಕಾಗಿದ್ದಿತೋ ಏನೋ. ಅತ್ತಿಗೆಯವರಿಗೆ ಹಾಗೆ ಹೇಳಲಿಲ್ಲ.

ಹಿಂದಿನ ಕಾಲದ ಛಾಯಾಚಿತ್ರಕಾರರಿಗೆ ಒಂದು ಪದ್ಧತಿಯಿದ್ದಿತು. ಗುಂಪಿನ ಚಿತ್ರದಲ್ಲಿ ಗೈರುಹಾಜರಾದವರ ಮುಖವನ್ನು ಮೇಲಿನ ಮೂಲೆಯಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಕೂಡಿಸುತ್ತಿದ್ದರು. ಇದ್ದವರು ನೆಲದ ಮೇಲೆ, ಇಲ್ಲದವರು ಚೌಕಟ್ಟಿನೊಳಗೆ. ನೋಡಿದವರಿಗೆ ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ. ಶಿಷ್ಯನಿಂದ ಅಂತಹದೊಂದನ್ನು ಮಾಡಿಸಿದೆನು. ಪದರವನ್ನು ತೆಗೆಯಲು ಅವನಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಹೊಸ ಚಿತ್ರವು ಈಗ ದೇವದುರ್ಗದ ಮನೆಯ ಪಡಸಾಲೆಯಲ್ಲಿ ತೂಗುತ್ತಿರುವದು. ಹಳೆಯದನ್ನು ಅತ್ತಿಗೆಯವರು ತಮ್ಮ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡಿರುವರು. ಮರಳಿ ಕೊಡಿರೆಂದು ನಾನು ಕೇಳಿಲ್ಲ.