ಕುಳಿತವರ ಆಟ

ಖೋ ಖೋ ನೋಡುವಾಗ ನನ್ನ ಕಣ್ಣು ಓಡುವವರಿಗಿಂತ ಹೆಚ್ಚಾಗಿ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತವರ ಮೇಲೆ ನಿಲ್ಲುತ್ತದೆ. ಒಬ್ಬರ ಮುಖ ಮೂಡಲಿಗೆ, ಪಕ್ಕದವರದು ಪಡುವಲಿಗೆ. ಬೆನ್ನ ಹಿಂದಿನಿಂದ ಖೋ ಬೀಳುವ ತನಕ ಏಳುವ ಹಾಗಿಲ್ಲ, ಬಿದ್ದ ಮೇಲೆ ತಡಮಾಡುವ ಹಾಗೂ ಇಲ್ಲ. ಮೈಯನ್ನೆಲ್ಲ ಹುರಿಗೊಳಿಸಿ ಸುಮ್ಮನೆ ಕೂರುವುದು ಓಡುವುದಕ್ಕಿಂತ ಕಷ್ಟ. ನಮ್ಮ ದೇವನೂರಿನ ಸುತ್ತಲ ಊರುಗಳಲ್ಲಿ ಈ ಆಟಕ್ಕೆ ಎರಡು ಕಂಬ, ಒಂದಿಷ್ಟು ಸುಣ್ಣದ ಗೆರೆ ಇದ್ದರೆ ಸಾಕು. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳದ ಮೇಲೆ 78–40. ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೂ ಅವರೇ.

ಕೂತು ಕಾಯುವುದನ್ನು ಯೋಚಿಸಿದಾಗಲೆಲ್ಲ ದೂರದೇಶದ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರ ನೆನಪಾಗುತ್ತಾನೆ. ಅರ್ಜೆಂಟೀನಾದ ಮನು ಜಿನೋಬಿಲಿ. ಶೂಟಿಂಗ್ ಗಾರ್ಡ್, ಅಂದರೆ ದೂರದಿಂದ ಚೆಂಡನ್ನು ಬುಟ್ಟಿಗೆ ಹಾಕುವುದು ಮುಖ್ಯ ಹೊಣೆಯಾದವನು. 1999ರಲ್ಲಿ ಅಮೆರಿಕದ ಲೀಗ್‌ನ ತಂಡಗಳು ಹೊಸಬರನ್ನು ಆರಿಸಿಕೊಳ್ಳುವಾಗ ಇವನ ಹೆಸರು ಬಂದದ್ದು 57ನೆಯದಾಗಿ, ಬಹುತೇಕ ಕೊನೆಯಲ್ಲಿ. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನೇ ಸೆಮಿಫೈನಲ್‌ನಲ್ಲಿ ಸೋಲಿಸಿ ತನ್ನ ದೇಶಕ್ಕೆ ಚಿನ್ನ ತಂದುಕೊಟ್ಟ. ಇಷ್ಟಾದ ಮೇಲೂ ಸ್ಯಾನ್ ಆಂಟೋನಿಯೊ ತಂಡದ ಕೋಚ್ ಅವನನ್ನು ಹೆಚ್ಚಿನ ಪಂದ್ಯಗಳಲ್ಲಿ ಆರಂಭದಲ್ಲಿ ಬೆಂಚಿನ ಮೇಲೆಯೇ ಕೂರಿಸಿದ. ಅವನು ಕೂತ. ಲೀಗ್‌ನಲ್ಲಿ 1057 ಪಂದ್ಯ ಆಡಿದವನು ಮೊದಲ ಐವರಲ್ಲಿ ಒಬ್ಬನಾಗಿ ಅಂಗಳಕ್ಕಿಳಿದದ್ದು 349ರಲ್ಲಿ ಮಾತ್ರ. ನಾಲ್ಕು ಪ್ರಶಸ್ತಿ ಗೆದ್ದು 2018ರಲ್ಲಿ, 41ನೇ ವಯಸ್ಸಿನಲ್ಲಿ ಆಟ ಬಿಟ್ಟ. ತಾನು ದೊಡ್ಡವನೆಂದು ಗೊತ್ತಿದ್ದೂ ಬೆಂಚಿನ ಮೇಲೆ ಕೂರುವ ಮನಸ್ಸು ನನ್ನ ಲೆಕ್ಕದಲ್ಲಿ ಆ ಚಿನ್ನಕ್ಕಿಂತ ದೊಡ್ಡದು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನ ಕ್ರಿಕೆಟಿಗ ಜಾವಗಲ್ ಶ್ರೀನಾಥ್ ಇದ್ದಾರೆ. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದವರಿಗೆ ತಾಯ್ನೆಲದಲ್ಲಿ ಟೆಸ್ಟ್ ಆಡಲು ಸಿಕ್ಕಿದ್ದು 1994ರ ಕೊನೆಗೆ. ಇಲ್ಲಿನ ಪಿಚ್‌ಗಳಲ್ಲಿ ಮೂವರು ಸ್ಪಿನ್ನರ್‌ಗಳು, ಜೊತೆಗೆ ಕಪಿಲ್ ದೇವ್, ಪ್ರಭಾಕರ್. ಇಪ್ಪತ್ತೆರಡರಿಂದ ಇಪ್ಪತ್ತೈದು, ವೇಗದ ಬೌಲರ್‌ನ ಭುಜಕ್ಕೆ ಕಸುವು ತುಂಬಿರುವ ವಯಸ್ಸು. ತಾಯ್ನೆಲದ ಟೆಸ್ಟ್‌ಗಳಲ್ಲಿ ಅದು ಹೊರಗೇ ಕಳೆಯಿತು. ಆಮೇಲೆ ಆ ಭುಜವೇ ಕೈಕೊಟ್ಟು 1997ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ಕಾಯುವ ಕಾಲ.

ನನ್ನನ್ನು ಹೆಚ್ಚು ಕಾಡುವುದು 1999ರ ಫೆಬ್ರವರಿಯ ಕೋಲ್ಕತ್ತ. ಪಾಕಿಸ್ತಾನದ ಎರಡನೇ ಇನಿಂಗ್ಸ್‌ನಲ್ಲಿ ಶ್ರೀನಾಥ್ 86 ರನ್ನಿಗೆ ಎಂಟು ವಿಕೆಟ್ ಕಿತ್ತರು. ಇಡೀ ಪಂದ್ಯದಲ್ಲಿ 132ಕ್ಕೆ ಹದಿಮೂರು. ಆದರೂ ಭಾರತ 46 ರನ್ನಿಂದ ಸೋತಿತು. ಗಲಾಟೆಯಾಗಿ ಪ್ರೇಕ್ಷಕರನ್ನು ಹೊರಗೆ ಕಳಿಸಿದ್ದರಿಂದ ಕೊನೆಯ ವಿಕೆಟ್‌ಗಳು ಖಾಲಿ ಈಡನ್ ಗಾರ್ಡನ್ಸ್‌ನಲ್ಲಿ ಬಿದ್ದವು. ಜೀವಮಾನದ ಕೆಲಸ ಅಷ್ಟು ಚೆನ್ನಾಗಿ ಕೈಗೂಡಿದ ಪಂದ್ಯವೇ ಸೋಲಿನ ಪಟ್ಟಿಗೆ ಸೇರಿತು. 67 ಟೆಸ್ಟ್‌ಗಳಲ್ಲಿ 236, ಏಕದಿನದಲ್ಲಿ 315 ಎಂದು ಒಟ್ಟು ಹೇಳಿ ಮುಗಿಸುವಾಗ ಆ ಹದಿಮೂರು ಅದರೊಳಗೆ ಗುರುತಿಲ್ಲದೆ ಬೆರೆತುಹೋಗುತ್ತದೆ. ಭಾರತಕ್ಕಾಗಿ ಆಡಿದ ಕೊನೆಯ ಪಂದ್ಯ 2003ರ ವಿಶ್ವಕಪ್ ಫೈನಲ್: ಹತ್ತು ಓವರ್, 87 ರನ್, ವಿಕೆಟ್ ಇಲ್ಲ. ಆ ಟೂರ್ನಿಯಲ್ಲಿ ಅವರು ಹದಿನಾರು ವಿಕೆಟ್ ಪಡೆದಿದ್ದರೆಂಬುದನ್ನು ಎಷ್ಟು ಮಂದಿ ನೆನೆಯುತ್ತಾರೆ? ಅದೇ ವರ್ಷ, 34ನೇ ವಯಸ್ಸಿಗೆ ವಿದಾಯ. ನಮ್ಮ ಹಳ್ಳಿಗಳಲ್ಲಿ ಆ ವಯಸ್ಸಿನವನ ಕೈಗೆ ಮನೆಯ ಯಜಮಾನಿಕೆ ಆಗಷ್ಟೇ ಬರುತ್ತಿರುತ್ತದೆ.

ಆಟಗಾರನ ಬದುಕಿನಲ್ಲಿ ನಿವೃತ್ತಿ ಇಷ್ಟು ಬೇಗ ಬರುತ್ತದಾದ್ದರಿಂದ ಅದರ ನಂತರದ ಕಾಲವೇ ಉದ್ದ. ಶ್ರೀನಾಥ್ ಮ್ಯಾಚ್ ರೆಫರಿಯಾದರು. ಜಿನೋಬಿಲಿಯದು ಕೋಟಿಗಟ್ಟಲೆ ಸಂಪಾದನೆಯ ಲೀಗ್. ಖೋ ಖೋ ಆಡುವವರಿಗೆ ಅಂಥ ಆಸರೆ ಏನಿದೆ? ವಿಶ್ವಕಪ್ ಗೆದ್ದು ಬಂದಾಗ ನಮ್ಮ ರಾಜ್ಯ ಸರ್ಕಾರ ತಲಾ ಐದು ಲಕ್ಷ ಘೋಷಿಸಿತು. ಚೈತ್ರಾ, ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್ ಇಬ್ಬರೂ ಅದನ್ನು ಒಪ್ಪಲಿಲ್ಲ. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ಕೊಟ್ಟು ಸರ್ಕಾರಿ ಕೆಲಸವನ್ನೂ ಕೊಡುವುದಾಗಿ ಹೇಳಿತ್ತು. ಅವರ ನಿರಾಕರಣೆಯನ್ನು ದುರಾಸೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೂವತ್ತಕ್ಕೆ ಮಂಡಿ ಸೋತರೆ ಮುಂದಿನ ಮೂವತ್ತು ವರ್ಷ ಏನು ಮಾಡುವುದೆಂದು ಆಡುತ್ತಿರುವಾಗಲೇ ಕೇಳುವುದು ಅವರ ಹಕ್ಕು. ಉತ್ತರ ಕೊಡಬೇಕಾದವರು ನಾವು, ಅದೂ ಅವರು ಇನ್ನೂ ಅಂಗಳದಲ್ಲಿರುವಾಗಲೇ.